ಕಾರ್ಡ್ ಕೊಳ್ಳುವ ಮೊದಲು ಎಸ್‌ಎಂಪಿಎಸ್ ಲೇಬಲ್ ಓದಿ

ಮದುವೆ ಸೀಸನ್ ಹತ್ತಿರ ಬಂತೆಂದರೆ ದಾವಣಗೆರೆಯ ಸ್ಟುಡಿಯೊಗಳಲ್ಲಿ, ಆಲ್ಬಂ ಡಿಸೈನ್ ಅಂಗಡಿಗಳಲ್ಲಿ ಕೇಳಿಬರುವ ಮಾತು ಒಂದೇ: ‘ಸಿಸ್ಟಮ್ ಹ್ಯಾಂಗ್ ಆಗ್ತೈತಿ ಸರ್, ಒಂದು ಗ್ರಾಫಿಕ್ಸ್ ಕಾರ್ಡ್ ಹಾಕ್ಸಿಬಿಡಾಣ.’ ಮುಚ್ಚಳ ಬಿಚ್ಚಿದರೆ ಒಳಗಿರುವುದು ಹೆಚ್ಚುಕಡಿಮೆ ಇಷ್ಟು: ನಾಲ್ಕನೇ ಜನರೇಶನ್ನಿನ ಐ5 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್, ಕ್ಯಾಬಿನೆಟ್ ಜೊತೆ ಬಿಟ್ಟಿ ಬಂದ, ಇಡೀ ಸಿಸ್ಟಮ್ಮಿಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್. ಯಾವ ಕಾರ್ಡ್ ಹಾಕಬಹುದು ಎಂಬುದು ತೀರ್ಮಾನವಾಗುವುದು ಆ ಬಿಟ್ಟಿ ಡಬ್ಬಿಯ ಮೇಲೆ.

ಅದಕ್ಕೂ ಮುಂಚೆ, ಕಾರ್ಡ್ ಬೇಕೇ ಎಂಬುದನ್ನು ನೋಡಿಕೊಳ್ಳಿ. ಕೆಲಸ ನಡೆಯುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಡಿಸ್ಕ್ 100 ಪರ್ಸೆಂಟ್‌ಗೆ ಅಂಟಿಕೊಂಡಿದ್ದರೆ ಬೇಕಿರುವುದು ಎಸ್‌ಎಸ್‌ಡಿ. ಮೆಮೊರಿ ತುಂಬಿದ್ದರೆ ಇನ್ನೊಂದು 8 ಜಿಬಿ ರ‍್ಯಾಮ್. ಫೋಟೊಶಾಪ್‌ನಲ್ಲಿ ಆಲ್ಬಂ ಹಾಳೆ ಜೋಡಿಸುವವರ ತೊಂದರೆ ಬಹುಪಾಲು ಈ ಎರಡರಲ್ಲೇ ನೀಗುತ್ತದೆ. ಕಾರ್ಡ್ ಕೈಹಿಡಿಯುವುದು ವಿಡಿಯೊ ಎಡಿಟಿಂಗ್ ಮಾಡುವವರಿಗೆ, ಗೇಮ್ ಆಡುವವರಿಗೆ, ಥ್ರೀಡಿ ಕೆಲಸ ಮಾಡುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ. ವಿಡಿಯೊದವರು ಇನ್ನೊಂದು ವಿಷಯ ತಿಳಿದಿರಬೇಕು. ಈಗಿನ ಕ್ಯಾಮೆರಾಗಳಲ್ಲಿ, ಬಣ್ಣದ ವಿವರ ಹೆಚ್ಚು ಉಳಿಸುವ 4:2:2, 10 ಬಿಟ್‌ನಲ್ಲಿ ಶೂಟ್ ಮಾಡಿದ ಫೈಲನ್ನು ಎನ್‌ವಿಡಿಯಾದ ಹಳೇ ಕಾರ್ಡ್‌ಗಳು ಡಿಕೋಡ್ ಮಾಡುವುದಿಲ್ಲ. ಆ ಸೌಲಭ್ಯ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಅಂಥ ಫೂಟೇಜ್ ಇಟ್ಟುಕೊಂಡು ಜಿಟಿಎಕ್ಸ್ 1650 ಕಾರ್ಡ್ ಹಾಕಿಸಿದರೆ ಟೈಮ್‌ಲೈನ್ ಮೊದಲಿನಂತೆಯೇ ತಡವರಿಸುತ್ತದೆ. ಪ್ರಾಕ್ಸಿ ಫೈಲ್ (ಹಗುರವಾದ ನಕಲು) ಮಾಡಿಕೊಂಡು ಎಡಿಟ್ ಮಾಡುವುದೇ ಅಲ್ಲಿ ದಾರಿ.

ಈಗ ಎಸ್‌ಎಂಪಿಎಸ್‌ಗೆ ಬನ್ನಿ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 450 ಎಂದಿರುತ್ತದೆ. ಅದನ್ನು ನಂಬಬೇಡಿ, ಪಕ್ಕದ ಸಣ್ಣಕ್ಷರದ ಪಟ್ಟಿಯಲ್ಲಿ 12 ವೋಲ್ಟ್ ಸಾಲು ಹುಡುಕಿ. ಅಲ್ಲಿ 16 ಆಂಪಿಯರ್ ಎಂದಿದ್ದರೆ 12ರಿಂದ ಗುಣಿಸಿ: 192 ವ್ಯಾಟ್. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಉಣ್ಣುವುದು ಈ ಸಾಲಿನಿಂದಲೇ. ನಾಲ್ಕನೇ ಜನರೇಶನ್ ಐ5 84 ವ್ಯಾಟ್, ಹಾರ್ಡ್‌ಡಿಸ್ಕು-ಫ್ಯಾನುಗಳಿಗೆ ಸುಮಾರು 30, ಕಾರ್ಡ್ 75. ಒಟ್ಟು 189. ಕಾಗದದ ಮೇಲೆ ಸರಿಹೋಯಿತು, ಆದರೆ ಹತ್ತು ವರ್ಷ ದುಡಿದು ಕೆಪ್ಯಾಸಿಟರ್ ಉಬ್ಬಿದ ಡಬ್ಬಿ ಆ 192ನ್ನು ಕೊಡುವುದಿಲ್ಲ. ರೆಂಡರ್ ಒತ್ತಿದ ಕೂಡಲೇ ಸಿಸ್ಟಮ್ ಆಫ್ ಆಗಿ ರೀಸ್ಟಾರ್ಟ್ ಆಗುವುದು ಇದೇ ಕಾರಣಕ್ಕೆ. ಲೇಬಲ್ ಮೇಲೆ 12 ವೋಲ್ಟ್ ಎರಡು ಸಾಲು ಇದ್ದರೆ ಎರಡನ್ನೂ ಸುಮ್ಮನೆ ಕೂಡಬೇಡಿ, ಕೆಳಗೆ ಒಟ್ಟು ವ್ಯಾಟ್ ಎಷ್ಟೆಂದು ಬರೆದಿರುತ್ತದೆ. ಲೆಕ್ಕಕ್ಕೆ ಹಿಡಿಯಬೇಕಾದ್ದು ಅದು. ಬದಲಿಸುವುದಾದರೆ 80 ಪ್ಲಸ್ ಬ್ರಾಂಜ್ ದರ್ಜೆಯ (ಕರೆಂಟ್ ಪೋಲು ಕಡಿಮೆ ಎಂಬ ಗುರುತು) 450 ವ್ಯಾಟಿನದು ಸಾಕು. ಕಾರ್ಡಿಗೆ ಮೀಸಲಿಟ್ಟ ದುಡ್ಡಿನಲ್ಲಿ ಸ್ವಲ್ಪ ಕಡಿತ ಮಾಡಿಯಾದರೂ ಇದನ್ನು ಮೊದಲು ತನ್ನಿ.

ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ತಾನಾಗಿ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ 6 ಪಿನ್ (75 ವ್ಯಾಟ್) ಅಥವಾ 8 ಪಿನ್ (150 ವ್ಯಾಟ್) ವೈರ್ ಬರಬೇಕು. ಹಳೇ ಯಂತ್ರಕ್ಕೆ ವೈರ್ ಬೇಡದ ಕಾರ್ಡೇ ಕ್ಷೇಮ. ಜಿಟಿಎಕ್ಸ್ 1050 ಟಿಐ, ಜಿಟಿಎಕ್ಸ್ 1650 ಎರಡೂ 75 ವ್ಯಾಟ್. 2024ರಲ್ಲಿ ಬಂದ 6 ಜಿಬಿಯ ಆರ್‌ಟಿಎಕ್ಸ್ 3050 ಇನ್ನೂ ಕಡಿಮೆ, 70 ವ್ಯಾಟ್. ಅದೇ ಹೆಸರಿನ 8 ಜಿಬಿಯದು 130 ವ್ಯಾಟಿನದು, ಅದಕ್ಕೆ ವೈರ್ ಬೇಕು; ಬಿಲ್ ಹಾಕಿಸುವಾಗ ಜಿಬಿ ನೋಡಿ. 1650ರಲ್ಲೂ ಕೆಲವು ಮಾದರಿಗಳಿಗೆ 6 ಪಿನ್ ಇದೆ.

ಅಗ್ಗವೆಂದು ಜಿಟಿ 1030 ಒಯ್ಯುವವರು ಬಹಳ. ಅದರಲ್ಲಿ ವಿಡಿಯೊ ಎನ್‌ಕೋಡರ್ ಇಲ್ಲ, ಹಾಗಾಗಿ ಎಕ್ಸ್‌ಪೋರ್ಟ್ ವೇಗವಾಗುವುದಿಲ್ಲ. ಡಿಡಿಆರ್4 ಮೆಮೊರಿಯ 1030 ಅಂತೂ ಜಿಡಿಡಿಆರ್5ಗಿಂತ ತೀರಾ ನಿಧಾನ, ಹೆಸರು ಮಾತ್ರ ಒಂದೇ. ಎಎಂಡಿಯ ಆರ್‌ಎಕ್ಸ್ 6400 ಕೂಡ ಇಲ್ಲಿ ತಪ್ಪು ಆಯ್ಕೆ: ಅದಕ್ಕೂ ಎನ್‌ಕೋಡರ್ ಇಲ್ಲ, ಮೇಲಾಗಿ ಅದು ಬಳಸುವುದು ನಾಲ್ಕೇ ಲೇನ್ (ಬೋರ್ಡಿನೊಂದಿಗೆ ಡೇಟಾ ಓಡುವ ದಾರಿ). ಎಚ್81 ಬೋರ್ಡಿನ ಸ್ಲಾಟ್ 2.0 ವೇಗದ್ದು, ಅಂದರೆ ನಾಲ್ಕು ಲೇನಿಗೆ ಸೆಕೆಂಡಿಗೆ 2 ಜಿಬಿ ಅಷ್ಟೇ. ಕಾರ್ಡಿನ ಮೆಮೊರಿ ತುಂಬಿದೊಡನೆ ಆಟ ಜಗ್ಗತೊಡಗುತ್ತದೆ. ಇಂಟೆಲ್ ಆರ್ಕ್ ಕಾರ್ಡ್‌ಗಳಿಗೆ ರೀಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ತಲುಪುವ ಸೌಲಭ್ಯ) ಇರುವ ಹೊಸ ಬೋರ್ಡೇ ಬೇಕು.

ವೈರ್ ಸಾಲದಿದ್ದರೆ ಅಂಗಡಿಯವರು ಕೈಗೆ ಒಂದು ಕನ್ವರ್ಟರ್ ಕೊಡುತ್ತಾರೆ. ಸಾಟಾದಿಂದ (ಹಾರ್ಡ್‌ಡಿಸ್ಕಿಗೆ ಹೋಗುವ ವೈರ್) 6 ಅಥವಾ 8 ಪಿನ್‌ಗೆ ಹೋಗುವುದಾದರೆ ಅಲ್ಲೇ ವಾಪಸ್ ಕೊಡಿ. ಸಾಟಾ ಕನೆಕ್ಟರಿನಲ್ಲಿ 12 ವೋಲ್ಟಿಗೆ ಮೂರು ಪಿನ್, ಪಿನ್ನಿಗೆ 1.5 ಆಂಪಿಯರ್, ಒಟ್ಟು 54 ವ್ಯಾಟ್. ಅದರಿಂದ 75, 150 ಎಳೆದರೆ ಪ್ಲಾಸ್ಟಿಕ್ ಕರಗಿ ವಾಸನೆ ಬರುತ್ತದೆ. ಪ್ರೊಸೆಸರಿನ 4+4 ವೈರನ್ನು ಕಾರ್ಡಿಗೆ ಒತ್ತಿ ತುರುಕುವುದಂತೂ ಬೇಡವೇ ಬೇಡ; ನೋಡಲು ಕಾರ್ಡಿನ 6+2ರಂತೆಯೇ ಇದ್ದರೂ ಅದರಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ತಿರುಗುಮುರುಗು.

ಸೆಕೆಂಡ್ಸ್‌ನಲ್ಲಿ ಬರುವ ಕಂಪನಿ ಸಿಸ್ಟಮ್‌ಗಳದ್ದು ಬೇರೆ ಕಥೆ. ಸಣ್ಣ ಕ್ಯಾಬಿನೆಟ್ಟಿನವಕ್ಕೆ ಲೋ ಪ್ರೊಫೈಲ್ (ಎತ್ತರ ಕಡಿಮೆಯ) ಕಾರ್ಡೇ ಆಗಬೇಕು. ಕೆಲವು ಮಾದರಿಗಳ ಎಸ್‌ಎಂಪಿಎಸ್ ಬೋರ್ಡಿಗೆ 24 ಪಿನ್ ಕೊಡದೆ ತಮ್ಮದೇ ಕನೆಕ್ಟರ್ ಕೊಡುವುದರಿಂದ ಪೇಟೆಯ ಎಸ್‌ಎಂಪಿಎಸ್ ನೇರ ಕೂರುವುದಿಲ್ಲ.

2011ರ ಸುಮಾರಿನ ಎಚ್61 ಬೋರ್ಡ್ ಆಗಿದ್ದರೆ ಹೊಸ ಕಾರ್ಡ್ ಹಾಕಿದಾಗ ಪರದೆ ಕಪ್ಪಾಗಿಯೇ ಉಳಿಯುವುದುಂಟು. ಬೋರ್ಡ್ ಕಂಪನಿಯ ಕೊನೆಯ ಬಯೋಸ್ (ಬೋರ್ಡನ್ನು ಎಬ್ಬಿಸುವ ತಂತ್ರಾಂಶ) ಇಳಿಸಿಕೊಂಡು, ಕಾರ್ಡ್ ಹಾಕುವ ಮೊದಲೇ ಅಪ್‌ಡೇಟ್ ಮಾಡಿ. ಯುಪಿಎಸ್ ಮೇಲಿಟ್ಟೇ ಮಾಡಿ. ಅರ್ಧದಲ್ಲಿ ಕರೆಂಟ್ ಹೋದರೆ ಬೋರ್ಡೇ ಹೋಯಿತು. ಮಾನಿಟರ್ ಹಿಂದೆ ವಿಜಿಎ ಮಾತ್ರ ಇದೆಯೇ? 1050, 1650ರಂಥ ಕಾರ್ಡ್‌ಗಳಿಂದ ಅನಲಾಗ್ ಸಿಗ್ನಲ್ ಹೊರಬರುವುದೇ ಇಲ್ಲ. ಚಿಪ್ ಇರುವ ಎಚ್‌ಡಿಎಂಐ–ವಿಜಿಎ ಕನ್ವರ್ಟರ್ ಬೇಕು. ಡಿವಿಐಗೆ ಸಿಕ್ಕಿಸುವ ಚಿಕ್ಕ ಬಿಳಿ ಪ್ಲಗ್ಗು ಪ್ರಯೋಜನಕ್ಕಿಲ್ಲ.

ಕೂರಿಸುವ ಕೆಲಸ ಕಾಲು ಗಂಟೆಯದು. ಪ್ಲಗ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬರಿಯ ಲೋಹ ಮುಟ್ಟಿ ಮೈಯ ಸ್ಟ್ಯಾಟಿಕ್ ಇಳಿಸಿಕೊಳ್ಳಿ. ಹಿಂದಿನ ತಗಡಿನ ಪಟ್ಟಿ ಎರಡನ್ನು ತೆಗೆಯಿರಿ, ಅಂಚು ಚೂಪಿರುತ್ತದೆ. ಅಲ್ಲಿಂದ ಹಾರ್ಡ್‌ಡಿಸ್ಕ್ ಗೂಡಿನವರೆಗೆ ಅಳತೆಪಟ್ಟಿ ಹಿಡಿದಿದ್ದೀರಷ್ಟೆ? ಒಂದೇ ಫ್ಯಾನಿನ ಗಿಡ್ಡ ಕಾರ್ಡ್ ಹೆಚ್ಚಿನ ಕಡೆ ಹಿಡಿಸುತ್ತದೆ. ಎರಡು ಫ್ಯಾನಿನದು ಸಾಟಾ ಪೋರ್ಟ್‌ಗಳ ಮೇಲೆ ಬಂದು ಕೂತುಬಿಡಬಹುದು. ಸಣ್ಣ ಬೋರ್ಡುಗಳಲ್ಲಿ ಬಯೋಸ್ ಸೆಲ್ ಇರುವುದು ಕಾರ್ಡಿನ ಅಡಿಯಲ್ಲೇ, ಆದ್ದರಿಂದ ಸಿಆರ್2032 ಸೆಲ್ ಈಗಲೇ ಬದಲಿಸಿಬಿಡಿ. ಸ್ಲಾಟಿನ ತುದಿಯ ಲಾಕ್ ‘ಟಿಕ್’ ಅನ್ನುವವರೆಗೆ ಸಮನಾಗಿ ಒತ್ತಿ, ಸ್ಕ್ರೂ ಬಿಗಿಯಿರಿ.

‘ಕಾರ್ಡ್ ಹಾಕಿದ್ಮೇಲೆ ಡಿಸ್‌ಪ್ಲೇನೇ ಬರ್ತಿಲ್ಲ’ ಎಂಬ ಫೋನಿಗೆ ಮೊದಲ ಉತ್ತರ: ಮಾನಿಟರ್ ಕೇಬಲ್ ಇನ್ನೂ ಬೋರ್ಡಿಗೇ ಚುಚ್ಚಿದೆ, ಕಾರ್ಡಿಗೆ ಬದಲಿಸಿ. ಆಗಲೂ ಬರದಿದ್ದರೆ ಒತ್ತುವ ಭರದಲ್ಲಿ ರ‍್ಯಾಮ್ ಸಡಿಲಾಗಿರಬಹುದು. ತೆಗೆದು ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹಾಕಿ. ಹಿಂದೆ ಬೇರೆ ಕಂಪನಿಯ ಕಾರ್ಡ್ ಇದ್ದರೆ ಸೇಫ್ ಮೋಡ್‌ನಲ್ಲಿ ಡಿಡಿಯು ತಂತ್ರಾಂಶದಿಂದ ಹಳೇ ಡ್ರೈವರ್ ಒರೆಸಿ, ಆಮೇಲೆ ಹೊಸದು ಹಾಕಿ.

ಮಂಡಕ್ಕಿ ಭಟ್ಟಿಗಳ ಸುತ್ತಿನ ಜಿಡ್ಡುಮಸಿ, ಭೀಮಸಮುದ್ರದ ಕಡೆಯ ಅದಿರು ಲಾರಿಗಳ ಕೆಂಪು ಧೂಳು ಎರಡೂ ಕಾರ್ಡಿನ ಹೀಟ್‌ಸಿಂಕ್ ಹಿಡಿಯುತ್ತವೆ. ಆರು ತಿಂಗಳಿಗೊಮ್ಮೆ ಬ್ಲೋವರ್ ಹೊಡೆಯಿರಿ. ಹೊಡೆಯುವಾಗ ಫ್ಯಾನ್ ಗಿರ್ರನೆ ತಿರುಗದಂತೆ ಬೆರಳಲ್ಲಿ ಹಿಡಿಯಿರಿ, ಇಲ್ಲದಿದ್ದರೆ ಬೇರಿಂಗ್ ಹಾಳು. ಏಪ್ರಿಲ್ ಬಿಸಿಲಿನಲ್ಲಿ ಅರ್ಧ ಗಂಟೆ ರೆಂಡರ್ ಕೊಟ್ಟು ಉಷ್ಣತೆ ನೋಡಿ, 83 ಡಿಗ್ರಿ ಆಸುಪಾಸು ಮುಟ್ಟಿದರೆ ಕಾರ್ಡ್ ತಾನೇ ವೇಗ ಇಳಿಸಿಕೊಳ್ಳುತ್ತದೆ. 600 ವಿಎ ಯುಪಿಎಸ್ ಎಂದರೆ ಸಾಮಾನ್ಯವಾಗಿ 360 ವ್ಯಾಟ್, ಬ್ಯಾಟರಿ ಹಳತಾಗಿದ್ದರೆ ಕರೆಂಟ್ ಹೋದ ಕ್ಷಣ ರೆಂಡರೂ ಹೋಗುತ್ತದೆ.

ಕಾರ್ಡಿನ ಬೆಲೆ ಆ ಇಡೀ ಸಿಸ್ಟಮ್ಮಿನ ಸೆಕೆಂಡ್ಸ್ ಬೆಲೆ ದಾಟಿದರೆ ನಿಲ್ಲಿಸಿ ಯೋಚಿಸಿ. ನಾಲ್ಕನೇ ಜನರೇಶನ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 1050 ಟಿಐ ಪೀಳಿಗೆಗೆ ಎನ್‌ವಿಡಿಯಾ ಹೊಸ ಗೇಮ್ ಡ್ರೈವರ್ ಕೊಡುವುದನ್ನೂ ನಿಲ್ಲಿಸಿದೆ, ಹಾಗಾಗಿ ಸೆಕೆಂಡ್ಸ್‌ನಲ್ಲಿ ತರುವುದಿದ್ದರೂ 1650ಕ್ಕೇ ಹೋಗಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತರುವವರು ಅಂಗಡಿಯಲ್ಲೇ ಹಾಕಿಸಿ, ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆಸಿ ನೋಡಿ. ಹಳೇ ಚಿಪ್ಪಿಗೆ ಹೊಸ ಹೆಸರು ತುಂಬಿದ ನಕಲಿ ಕಾರ್ಡ್‌ಗಳನ್ನು ಅದು ಹಿಡಿದುಕೊಡುತ್ತದೆ. 1650 ಆದರೆ ಅದರಲ್ಲಿ ಶೇಡರ್ (ಚಿಪ್ಪಿನೊಳಗಿನ ಲೆಕ್ಕದ ಘಟಕ) ಸಂಖ್ಯೆ 896 ಇರಬೇಕು.