ನೊಬೆಲ್ ಕೊಡೋದು ಸ್ಟಾಕ್‌ಹೋಮ್ ಸಿಟಿ ಹಾಲ್‌ನಲ್ಲೇ ಅಲ್ವಾ?

ಓದುಗರ ಪ್ರಶ್ನೆ: ಪ್ರತಿ ಡಿಸೆಂಬರ್‌ನಲ್ಲೂ ನೊಬೆಲ್ ಸುದ್ದಿಯ ಜೊತೆ ನೀರಿನ ಪಕ್ಕದ ಒಂದು ಕೆಂಪು ಕಟ್ಟಡ ತೋರಿಸುತ್ತಾರೆ. ಬಹುಮಾನ ಕೊಡೋದು ಅಲ್ಲೇನಾ? ಅದು ಸ್ವೀಡನ್ ರಾಜರ ಅರಮನೆಯಾ?

ಎರಡೂ ಅಲ್ಲ. ಬಹುಮಾನ ಕೊಡುವುದು ಊರೊಳಗಿನ ಕಾನ್ಸರ್ಟ್ ಹಾಲ್‌ನಲ್ಲಿ. ಶಾಂತಿ ಬಹುಮಾನವಂತೂ ಸ್ವೀಡನ್ನಿನಲ್ಲೇ ಅಲ್ಲ, ನಾರ್ವೆಯ ಆಸ್ಲೋದಲ್ಲಿ. ನೀವು ನೋಡುವ ಕೆಂಪು ಕಟ್ಟಡದಲ್ಲಿ ನಡೆಯುವುದು ಅದೇ ಸಂಜೆಯ ಊಟ. ಇನ್ನು ಅರಮನೆ ಅನ್ನಿಸಿದ್ದು ತಪ್ಪೇನಲ್ಲ, ನೋಡಿದರೆ ಯಾರಿಗೂ ಹಾಗೇ ಅನ್ನಿಸುತ್ತದೆ. ಆದರೆ ಅದು ಸ್ಟಾಕ್‌ಹೋಮ್ ನಗರಸಭೆಯ ಕಟ್ಟಡ, ಅದನ್ನೇ ಸಿಟಿ ಹಾಲ್ ಅನ್ನುವುದು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಕಾರ್ಪೊರೇಷನ್ ಆಫೀಸು! ನಗರಸಭೆಯ 101 ಸದಸ್ಯರು ಸಭೆ ಸೇರುವುದು ಇಲ್ಲೇ. ಬಜೆಟ್ ಜಗಳವೂ ಇಲ್ಲೇ. ಜನ ಮೇಲಿನ ಗ್ಯಾಲರಿಯಲ್ಲಿ ಕೂತು ನೋಡಬಹುದು.

ಸ್ಟಾಕ್‌ಹೋಮ್ ದ್ವೀಪಗಳ ಮೇಲೆ ಹರಡಿದ ಊರು. ಮೇಲಾರನ್ ಸರೋವರದ ದಂಡೆಯ ಈ ಜಾಗದಲ್ಲಿ ಹಿಂದೆ ಒಂದು ಹಿಟ್ಟಿನ ಗಿರಣಿ ಇತ್ತು. 1878ರಲ್ಲಿ ಅದಕ್ಕೆ ಬೆಂಕಿ ಬಿತ್ತು. ವಾಸ್ತುಶಿಲ್ಪಿ ರಾಗ್ನರ್ ಓಸ್ಟ್‌ಬರ್ಗ್ ಇಲ್ಲಿ 1911ರಲ್ಲಿ ಕೆಲಸ ಶುರು ಮಾಡಿಸಿದರು. ಮುಗಿದದ್ದು 1923ರಲ್ಲಿ. ಹೆಚ್ಚುಕಮ್ಮಿ 80 ಲಕ್ಷ ಇಟ್ಟಿಗೆ ಹಿಡಿದಿದೆ. ಗೋಪುರ 106 ಮೀಟರ್, ತುದಿಯಲ್ಲಿ ಮೂರು ಕಿರೀಟ. ಪಕ್ಕದ ದೇಶ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ಸಿಟಿ ಹಾಲ್ ಗೋಪುರ 105.6 ಮೀಟರ್. ಅವರಿಗಿಂತ ಒಂದು ಗೇಣು ಜಾಸ್ತಿಯಾದರೂ ಇರಲಿ ಅಂತ ಬೇಕಂತಲೇ ಏರಿಸಿದರು ಎಂದು ಜನ ನಗುತ್ತಾ ಹೇಳುತ್ತಾರೆ.

ಊಟ ನಡೆಯುವ ದೊಡ್ಡ ಅಂಗಳದ ಹೆಸರು ನೀಲಿ ಹಾಲ್. ಒಳಗೆ ಹೋಗಿ ನೋಡಿದರೆ ಗೋಡೆಯೆಲ್ಲಾ ಕೆಂಪು ಇಟ್ಟಿಗೆ. ಗೋಡೆಗೆ ನೀಲಿ ಹೊದಿಸಬೇಕು ಎನ್ನುವುದು ಓಸ್ಟ್‌ಬರ್ಗ್ ಅವರ ಮೊದಲ ಯೋಚನೆ. ಗೋಡೆ ಎದ್ದ ಮೇಲೆ ಬರೀ ಇಟ್ಟಿಗೆಯೇ ಎಷ್ಟು ಚೆಂದ ಕಂಡಿತೆಂದರೆ ಮನಸ್ಸು ಬದಲಾಯಿಸಿದರು. ಹಾಗಂತ ಸುಮ್ನೆ ಬಿಡಲಿಲ್ಲ. ಕೆಲಸಗಾರರು ಉಳಿ ಹಿಡಿದು ಇಟ್ಟಿಗೆಯ ಮೈಯನ್ನೆಲ್ಲಾ ಕೈಯಿಂದಲೇ ಕೆತ್ತಿ ತರಿತರಿ ಮಾಡಿದರು. ಮೇಲಿನ ಕಿಟಕಿಗಳಿಂದ ಓರೆಯಾಗಿ ಬೆಳಕು ಬಿದ್ದಾಗ ಆ ಉಳಿಯೇಟುಗಳಲ್ಲಿ ಸಣ್ಣ ಸಣ್ಣ ನೆರಳು ನಿಲ್ಲುತ್ತದೆ. ನನಗೆ ಕೇಳಿದರೆ ಇಡೀ ಕಟ್ಟಡದಲ್ಲಿ ಇದೇ ಒಳ್ಳೆಯ ಕೆಲಸ, ಮಹಡಿಯ ಚಿನ್ನವಲ್ಲ.

ಚಿನ್ನ ಅಂದೆನಲ್ಲ. ಮಹಡಿಯಲ್ಲಿ ಗೋಲ್ಡನ್ ಹಾಲ್ ಇದೆ. ಗಾಜು ಮತ್ತು ಚಿನ್ನದ 1 ಕೋಟಿ 80 ಲಕ್ಷಕ್ಕೂ ಹೆಚ್ಚು ಚೂರುಗಳನ್ನು ಜೋಡಿಸಿ ಗೋಡೆ ತುಂಬಿಸಿದ್ದಾರೆ. ಚಿತ್ರ ಬರೆದವರು ಐನಾರ್ ಫೋರ್ಸೆತ್, ಆಗ ಅವರಿಗೆ ಮೂವತ್ತರ ಆಸುಪಾಸು. ನಡುವೆ ಮೇಲಾರನ್ ಸರೋವರದ ರಾಣಿ ಕೂತಿದ್ದಾಳೆ, ದೊಡ್ಡ ಕಣ್ಣು, ಹಾವಿನಂತೆ ಹರಡಿದ ಕೂದಲು. ಒಂದು ಕಡೆಯಿಂದ ಐಫೆಲ್ ಗೋಪುರದ ಪಶ್ಚಿಮ, ಇನ್ನೊಂದು ಕಡೆಯಿಂದ ಆನೆಯ ಪೂರ್ವ, ಎರಡೂ ಅವಳಿಗೆ ಗೌರವ ಕೊಡಲು ಬಂದಿವೆ. ಆಗಿನ ಸ್ಟಾಕ್‌ಹೋಮ್ ಜನ ಈ ರಾಣಿಯನ್ನು ನೋಡಿ ಮೂಗು ಮುರಿದಿದ್ದರು. ಇನ್ನೊಂದು ಗೋಡೆಯಲ್ಲಿ ಕುದುರೆ ಮೇಲೆ ಕೂತ ಸಂತ ಎರಿಕ್‌ಗೆ ತಲೆಯೇ ಇಲ್ಲ. ಅಳತೆ ತಪ್ಪಿ ತಲೆ ಚಾವಣಿಗೆ ಹೋಯಿತು ಅಂತಾರೆ. ಎರಿಕ್ ತಲೆ ಕಡಿಸಿಕೊಂಡು ಸತ್ತ ರಾಜ, ಅದಕ್ಕೇ ಹೀಗೆ ಎಂದು ಸಮರ್ಥಿಸುವವರೂ ಇದ್ದಾರೆ. ಅಳತೆ ತಪ್ಪಿದ್ದೇ ನಿಜ ಎಂದು ನನ್ನ ಅನುಮಾನ.

ಈಗ ಊಟದ ವಿಷಯ. ಆಲ್ಫ್ರೆಡ್ ನೊಬೆಲ್ ತೀರಿಕೊಂಡ ದಿನ ಡಿಸೆಂಬರ್ 10, ಔತಣವೂ ಅಂದೇ. ಮೊದಲೆಲ್ಲ ಗ್ರಾಂಡ್ ಹೋಟೆಲಿನಲ್ಲಿ ನಡೆಯುತ್ತಿತ್ತು. ಸಿಟಿ ಹಾಲ್‌ಗೆ ಮೊದಲ ಸಲ ಬಂದದ್ದು 1930ರಲ್ಲಿ, ಮಹಡಿಯ ಗೋಲ್ಡನ್ ಹಾಲ್‌ನಲ್ಲಿ. ಆ ವರ್ಷ ಭೌತಶಾಸ್ತ್ರದ ಬಹುಮಾನ ಪಡೆದವರು ಯಾರು ಗೊತ್ತಲ್ವಾ? ಸಿ.ವಿ. ರಾಮನ್. ಬಹುಮಾನ ಬಂದೇ ಬರುತ್ತದೆ ಎಂದು ಸುದ್ದಿ ಬರುವ ಮೊದಲೇ ಅವರು ಹಡಗಿನ ಟಿಕೆಟ್ ತೆಗೆಸಿದ್ದರು ಎನ್ನುವ ಕಥೆ ನೀವೂ ಕೇಳಿರಬಹುದು. ಆಗ ಅವರು ಕಲ್ಕತ್ತೆಯಲ್ಲಿದ್ದರು. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದವರು ಕೊನೆಯವರೆಗೂ ಇಲ್ಲಿಯವರೇ ಆದರು.

ಅತಿಥಿಗಳು ಜಾಸ್ತಿಯಾಗುತ್ತಾ ಹೋಗಿ 1974ರಿಂದ ಊಟ ಕೆಳಗಿನ ನೀಲಿ ಹಾಲ್‌ಗೆ ಇಳಿಯಿತು. ಈಗ ಸುಮಾರು 1,300 ಜನ ಕೂರುತ್ತಾರೆ. ಒಬ್ಬೊಬ್ಬರಿಗೆ ಮೇಜಿನ ಮೇಲೆ ಸಿಗುವ ಜಾಗ ಸುಮಾರು 60 ಸೆಂಟಿಮೀಟರ್. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರ ಮೊಣಕೈ ತಾಗಿಸಿಕೊಂಡು ಉಂಡವರಿಗೆ ಇದೇನೂ ಹೊಸದಲ್ಲ ಬಿಡಿ. ಊಟವಾದ ಮೇಲೆ ಎಲ್ಲರೂ ಮೆಟ್ಟಿಲು ಹತ್ತಿ ಗೋಲ್ಡನ್ ಹಾಲ್‌ನಲ್ಲಿ ಕುಣಿಯುತ್ತಾರೆ.

ನೀವು ಹೋಗಬಹುದಾ? ಧಾರಾಳವಾಗಿ. ಆದರೆ ಒಳಗೆ ಗೈಡ್ ಜೊತೆಗೇ ಹೋಗಬೇಕು, ಒಬ್ಬರೇ ಅಡ್ಡಾಡಲು ಬಿಡುವುದಿಲ್ಲ. ನೊಬೆಲ್ ದಿನಗಳ ಆಸುಪಾಸಿನಲ್ಲಿ ಹೋದರೆ ಬಾಗಿಲು ಹಾಕಿರುತ್ತದೆ. ಗೋಪುರ ಹತ್ತಬೇಕೆಂದರೆ ಬೇಸಿಗೆಯಲ್ಲೇ ಹೋಗಿ, ಚಳಿಗಾಲದಲ್ಲಿ ತೆರೆದಿರುವುದಿಲ್ಲ. ನೊಬೆಲ್ ಊಟದ ರುಚಿಯೇ ನೋಡಬೇಕಾ? ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಒಂದು ಹೋಟೆಲಿದೆ. ಹಳೆಯ ನೊಬೆಲ್ ಔತಣಗಳ ಮೆನು ಅಲ್ಲಿ ಮಾಡಿ ಬಡಿಸುತ್ತಾರೆ. ಬಿಲ್ ಮಾತ್ರ ನೀವೇ ಕೊಡಬೇಕು.