ಕ್ರೆಡಿಟ್‌ಗೆ ಖಾತೆ ಸಿಕ್ಕಿತು, ಕಾಲೇಜು ಸಿಕ್ಕಿತೇ?

ಅಪ್ಪನಿಗೆ ವರ್ಗವಾಯಿತು, ಮನೆ ಧಾರವಾಡದಿಂದ ಬೆಂಗಳೂರಿಗೆ ಬಂತು, ಬಿ.ಎಸ್ಸಿ. ಓದುವ ಮಗಳ ಎರಡು ಸೆಮಿಸ್ಟರ್ ಮುಗಿದಿದೆ ಎಂದುಕೊಳ್ಳಿ. ಮೂರನೆಯದಕ್ಕೆ ಇಲ್ಲಿ ಸೇರಬಹುದೇ? ನಿಯಮ ಸೇರಬಹುದು ಎನ್ನುತ್ತದೆ. ಕಾಲೇಜಿನ ಕಚೇರಿ ‘ಪಠ್ಯಕ್ರಮ ತಾಳೆಯಾಗಬೇಕಲ್ಲ’ ಎನ್ನುತ್ತದೆ.

ಈ ತಾಳೆ ನೋಡುವ ಕೆಲಸ ಹಳೆಯದು. ಮೈಸೂರು (1916), ಕರ್ನಾಟಕ (1949), ಬೆಂಗಳೂರು (1964) ಹೀಗೆ ಒಂದೊಂದು ವಿಶ್ವವಿದ್ಯಾಲಯ ಹುಟ್ಟಿದಾಗಲೂ ಒಂದೊಂದು ಪಠ್ಯಕ್ರಮ ಹುಟ್ಟಿತು; ಊರು ಬದಲಿಸಿದವರು ಟಿಸಿ, ವಲಸೆ ಪ್ರಮಾಣಪತ್ರ, ಅರ್ಹತಾ ಪತ್ರಗಳ ಕಡತ ಹಿಡಿದು ಓಡಾಡಿದರು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾದ ಮೇಲಂತೂ ಒಂದೇ ನಗರದ ಕಾಲೇಜುಗಳ ನಡುವೆಯೂ ಗಡಿ ಬಿತ್ತು.

ಓದಿನ ಅಳತೆಯಾದ ಕ್ರೆಡಿಟ್ ಬಂದದ್ದು ಈ ಗಡಿ ದಾಟಿಸಲೆಂದೇ. ವಾರಕ್ಕೆ ಒಂದು ಗಂಟೆಯ ಪಾಠ ಸೆಮಿಸ್ಟರ್ ಪೂರ್ತಿ ನಡೆದರೆ ಒಂದು ಕ್ರೆಡಿಟ್. ಪ್ರಯೋಗಾಲಯವಾದರೆ ಎರಡು ಗಂಟೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2015ರ ಸುಮಾರಿಗೆ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯನ್ನು ಒತ್ತಿ ಹೇಳಿದಾಗ ಅಂಕಪಟ್ಟಿಯಲ್ಲಿ ಹೊಸ ಕಲಂ ಸೇರಿತು. ಆಯ್ಕೆ ಮಾತ್ರ, ಯಾವ ವಿಷಯಕ್ಕೆ ಮೇಷ್ಟ್ರು ಇದ್ದಾರೋ ಅದಕ್ಕೇ ಸೀಮಿತ.

ನಿಜವಾದ ಗೋಜಲು 2021ರದು. ಆ ಜುಲೈನಲ್ಲಿ ಕೇಂದ್ರ ಸರ್ಕಾರ, ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ತೆರೆಯಿತು. ಬ್ಯಾಂಕ್ ಎಂಬ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ: ವಿದ್ಯಾರ್ಥಿ ಖಾತೆ ತೆರೆಯಬಹುದೇ ಹೊರತು ಜಮಾ ಮಾಡುವಂತಿಲ್ಲ, ಅದು ಸಂಸ್ಥೆಯ ಕೆಲಸ. ಜಮೆಯಾದದ್ದು ಸಾಮಾನ್ಯವಾಗಿ ಏಳು ವರ್ಷ ಬಾಳುತ್ತದೆ. ಪದವಿ ಕೊಡುವ ಸಂಸ್ಥೆಯಲ್ಲೇ ಅರ್ಧದಷ್ಟಾದರೂ ಕ್ರೆಡಿಟ್ ಗಳಿಸಿರಬೇಕು ಎಂಬುದು ಮೊದಲ ನಿಯಮ. ಆಮೇಲೆ ಆಧಾರ್‌ಗೆ ಬೆಸೆದ ಹನ್ನೆರಡು ಅಂಕಿಯ ‘ಅಪಾರ್’ ಎಂಬ ವಿದ್ಯಾರ್ಥಿ ಗುರುತಿನ ಸಂಖ್ಯೆ ಬಂತು. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮುಂದೆ ಇರುವ ನಮ್ಮ ಮಕ್ಕಳಿಗೆ ಮೊದಲು ಹೆಸರು ಸರಿಪಡಿಸಿಕೊಳ್ಳುವುದೇ ಒಂದು ಕೋರ್ಸ್.

ಅದೇ ವರ್ಷ ಕರ್ನಾಟಕ ಎಲ್ಲ ರಾಜ್ಯಗಳಿಗಿಂತ ಮೊದಲು ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಿಗೆ ತಂದಿತು. ನಾಲ್ಕು ವರ್ಷದ ಆನರ್ಸ್. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ. ಬಿಟ್ಟವರು ಮರಳಿ ಬಂದಾಗ ಉಳಿಸಿಟ್ಟ ಕ್ರೆಡಿಟ್ ಕೈಹಿಡಿಯಬೇಕು ಎಂಬುದು ಲೆಕ್ಕಾಚಾರ. ಹೊಸ ಪಠ್ಯಪುಸ್ತಕ ಕೈಸೇರುವ ಮೊದಲೇ ಸೆಮಿಸ್ಟರ್ ಪರೀಕ್ಷೆ ಎದುರಾದ ಕಾಲೇಜುಗಳಿಗೆ ಮರಳಿ ಬರುವವರ ಚಿಂತೆ ದೂರದ ಮಾತಾಗಿತ್ತು.

ವರ್ಷಕ್ಕೊಂದರಂತೆ ವಿದ್ಯಾರ್ಥಿಗಳ ಮೂರು ತಂಡಗಳು ಈ ಪದ್ಧತಿಗೆ ಹೀಗೆ ಸೇರಿಕೊಂಡವು. 2024ರ ಮೇನಲ್ಲಿ, ಸುಖದೇವ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ, ಮೂರು ವರ್ಷದ ಪದವಿ ವಾಪಸಾಯಿತು. ಹಳೆಯ ತಂಡಗಳಿಗೆ ಹಳೆಯ ನಿಯಮ, ಹೊಸಬರಿಗೆ ಹೊಸದು. ನಾಲ್ಕು ವರ್ಷಕ್ಕೂ ಮೂರು ವರ್ಷಕ್ಕೂ ಸಮರ್ಥನೆಗಳಿವೆ, ಆದರೆ ಎರಡೂ ಕಡೆಯ ಚರ್ಚೆ ಪದವಿ ಎಷ್ಟು ವರ್ಷ ಎಂಬುದರ ಸುತ್ತಲೇ ಸುತ್ತಿತು. ಒಂದು ಕಡೆ ಪಾಸಾದ ಪತ್ರಿಕೆಯನ್ನು ಇನ್ನೊಂದು ಕಡೆಯ, ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿ ಯಾಕೆ ನಂಬಬೇಕು, ನಂಬದಿದ್ದರೆ ಎಷ್ಟು ದಿನದಲ್ಲಿ ಕಾರಣ ಹೇಳಬೇಕು ಎಂಬುದು ಹಿಂದೆ ಉಳಿಯಿತು.

2021ರಲ್ಲಿ ಸೇರಿ ಒಂದೇ ವರ್ಷಕ್ಕೆ ಓದು ಬಿಟ್ಟ ಹುಡುಗನ ಕ್ರೆಡಿಟ್‌ಗೆ, ಜಮೆಯಾಗಿದ್ದರೆ, 2029ರವರೆಗೆ ಆಯುಷ್ಯವಿದೆ. ಅವನು ಸೇರಿದ್ದ ಕೋರ್ಸಿಗೆ ಈಗ ಹೊಸ ಪ್ರವೇಶವಿಲ್ಲ.