ಒಂದೇ ಕಾಂತಿಮಾನ, ಎರಡು ಬೇರೆ ಕೆಲಸ: ಗೆಲಾಕ್ಸಿ ಮತ್ತು ನಕ್ಷತ್ರಗುಚ್ಛಗಳ ಫೋಟೋಗ್ರಫಿ ಟಿಪ್ಪಣಿ

ಆಕಾಶಕಾಯಗಳ ಪಟ್ಟಿ ತೆರೆದರೆ ಕಣ್ಣು ಮೊದಲು ಹೋಗುವುದು ಕಾಂತಿಮಾನದ, ಅಂದರೆ ಹೊಳಪಿನ ಅಳತೆಯ ಕಡೆಗೆ. ಸಂಖ್ಯೆ ಚಿಕ್ಕದಾದಷ್ಟೂ ಕಾಯ ಪ್ರಖರ, ಹಾಗಾಗಿ ಫೋಟೋ ಸುಲಭ ಅಂತ ಲೆಕ್ಕ ಹಾಕಿಬಿಡುತ್ತೇವೆ. ಈ ಲೆಕ್ಕ ಎಲ್ಲಿ ಕೈಕೊಡುತ್ತದೆ ಅನ್ನುವುದು ಗೊತ್ತಾದರೆ ಹಿತ್ತಿಲ ಟೆಲಿಸ್ಕೋಪಿನ ಫೋಟೋಗ್ರಫಿ ಅರ್ಧ ಅರ್ಥವಾದಂತೆ.

ಮೆಸ್ಸಿಯೇ ಪಟ್ಟಿಯ ಎಂ13 ಮತ್ತು ಎಂ33 ತೆಗೆದುಕೊಳ್ಳಿ. ಮೊದಲನೆಯದು ಹರ್ಕ್ಯುಲಿಸ್ ನಕ್ಷತ್ರಪುಂಜದಲ್ಲಿರುವ ಗೋಳಗುಚ್ಛ, ಲಕ್ಷಗಟ್ಟಲೆ ನಕ್ಷತ್ರಗಳ ಉಂಡೆ. ಕಾಂತಿಮಾನ ಸುಮಾರು 5.8. ಎರಡನೆಯದು ತ್ರಿಕೋಣ ಪುಂಜದ ಸುರುಳಿ ಗೆಲಾಕ್ಸಿ. ಕಾಂತಿಮಾನ ಸುಮಾರು 5.7. ಪಟ್ಟಿಯ ಪ್ರಕಾರ ಎರಡೂ ಸರಿಸಮ. ಆದರೆ ನಗರದ ಬೆಳಕಿನಲ್ಲಿ 30 ಸೆಕೆಂಡಿನ ಒಂದೇ ಎಕ್ಸ್‌ಪೋಶರ್ ತೆಗೆದರೆ ಎಂ13 ಪರದೆಯ ಮೇಲೆ ಎದ್ದು ಕಾಣುತ್ತದೆ. ಎಂ33 ತನ್ನ ಚೌಕಟ್ಟಿನೊಳಗೆ ಇದ್ದರೂ ಬೂದು ಹಿನ್ನೆಲೆಯಲ್ಲಿ ಕರಗಿಹೋಗಿರುತ್ತದೆ.

ಕಾರಣ ವಿಸ್ತಾರ. ಎಂ33 ಆಕಾಶದಲ್ಲಿ ಸುಮಾರು 70 × 40 ಆರ್ಕ್‌ಮಿನಿಟ್‌ಗಳಷ್ಟು (ಆರ್ಕ್‌ಮಿನಿಟ್ ಎಂದರೆ ಡಿಗ್ರಿಯ 60ನೇ ಒಂದು ಪಾಲು) ಹರಡಿಕೊಂಡಿದೆ, ಅಂದರೆ ಹೆಚ್ಚುಕಡಿಮೆ ಮೂರು ಹುಣ್ಣಿಮೆ ಚಂದ್ರರಷ್ಟು ಜಾಗ. ಇರುವ ಬೆಳಕನ್ನೆಲ್ಲ ಅಷ್ಟಗಲಕ್ಕೆ ಹಂಚಿದರೆ ಒಂದು ಚದರ ಆರ್ಕ್‌ಸೆಕೆಂಡಿಗೆ (ಆರ್ಕ್‌ಸೆಕೆಂಡ್ ಎಂದರೆ ಆರ್ಕ್‌ಮಿನಿಟಿನ 60ನೇ ಒಂದು ಪಾಲು) ಸರಾಸರಿ 23ರ ಆಸುಪಾಸಿನ ಕಾಂತಿಮಾನ ಉಳಿಯುತ್ತದೆ. ನಗರದ ಆಕಾಶವೇ ಅಷ್ಟೇ ಜಾಗಕ್ಕೆ 18ರಷ್ಟು ಹೊಳೆಯುತ್ತದೆ. ಐದು ಕಾಂತಿಮಾನದ ವ್ಯತ್ಯಾಸವೆಂದರೆ ನೂರು ಪಟ್ಟು. ಹಾಗಾಗಿ ಎಂ33 ಇರುವ ಪಿಕ್ಸೆಲ್ಲಿಗೂ ಖಾಲಿ ಆಕಾಶದ ಪಿಕ್ಸೆಲ್ಲಿಗೂ ಇರುವ ಅಂತರ ಸುಮಾರು 1% ಮಾತ್ರ. ನಾವು ಹಿಡಿಯಬೇಕಾಗಿರುವುದು ಆ 1 ಪ್ರತಿಶತವನ್ನು. ಗೆಲಾಕ್ಸಿ ಫೋಟೋಗ್ರಫಿಯ ಪ್ರತಿಯೊಂದು ಶಿಸ್ತೂ ಹುಟ್ಟುವುದು ಇಲ್ಲಿಂದಲೇ.

ಎಂ13ರ ಕಥೆ ಬೇರೆ. ಅಲ್ಲಿನ ಬೆಳಕು ಬಿಂದುಗಳಲ್ಲಿ ಅಡಕವಾಗಿದೆ. ಪ್ರತಿ ನಕ್ಷತ್ರವೂ ಬೆರಳೆಣಿಕೆಯ ಪಿಕ್ಸೆಲ್ಲುಗಳ ಮೇಲೆ ಬೀಳುವುದರಿಂದ ಆಕಾಶದ ಹೊಳಪನ್ನು ಸುಲಭವಾಗಿ ಮೀರುತ್ತದೆ.

ಮೊದಲು ಗೆಲಾಕ್ಸಿಯ ವಿಷಯ. ಇಲ್ಲಿ ಲೆಕ್ಕಕ್ಕೆ ಬರುವುದು ಒಟ್ಟು ಸಮಯ. ಚಿತ್ರಗಳನ್ನು ಸ್ಟ್ಯಾಕ್ ಮಾಡಿದಾಗ, ಅಂದರೆ ಒಂದರ ಮೇಲೊಂದು ಸೇರಿಸಿದಾಗ, ಸಿಗ್ನಲ್ (ಕಾಯದ ಬೆಳಕು) ಮತ್ತು ನಾಯ್ಸ್‌ಗಳ (ಚಿತ್ರದ ಕಾಳುಕಾಳು ಏರಿಳಿತ) ಅನುಪಾತ ಏರುವುದು ಚಿತ್ರಗಳ ಸಂಖ್ಯೆಯ ವರ್ಗಮೂಲದಂತೆ. ಗುಣಮಟ್ಟ ಎರಡು ಪಟ್ಟಾಗಬೇಕಾದರೆ ನಾಲ್ಕು ಪಟ್ಟು ಚಿತ್ರ ಬೇಕು. ಆಕಾಶ ಎಷ್ಟು ಕತ್ತಲಾಗಿದೆ ಅನ್ನುವುದಂತೂ ಇನ್ನೂ ದೊಡ್ಡ ವಿಷಯ: 21ರ ಕಾಂತಿಮಾನದ ಕತ್ತಲಲ್ಲಿ ಒಂದು ಗಂಟೆಗೆ ಸಿಗುವುದನ್ನು 18ರ ನಗರದಲ್ಲಿ ಪಡೆಯಲು ಸುಮಾರು 16 ಗಂಟೆ ಬೇಕಾಗುತ್ತದೆ. ದೊಡ್ಡ ಟೆಲಿಸ್ಕೋಪ್ ಕೊಳ್ಳುವ ಮೊದಲು ಇರುವುದನ್ನೇ ಕತ್ತಲ ಜಾಗಕ್ಕೆ ಒಯ್ಯುವುದು ಜಾಣತನ ಎನ್ನುವುದು ನನ್ನ ದೃಢ ಅಭಿಪ್ರಾಯ.

ಕಿರಿದಾದ ವರ್ಣಪಟ್ಟಿಯ ಫಿಲ್ಟರುಗಳಿಂದ ಇಲ್ಲಿ ಹೆಚ್ಚು ಲಾಭವಿಲ್ಲ. ಗೆಲಾಕ್ಸಿಯ ಬೆಳಕು ಬಹುಪಾಲು ನಕ್ಷತ್ರಗಳದ್ದೇ, ಎಲ್ಲ ಬಣ್ಣಗಳಲ್ಲೂ ಹರಡಿರುತ್ತದೆ. ಎಂ33ರೊಳಗಿನ ಎನ್‌ಜಿಸಿ 604ರಂಥ ಹೈಡ್ರೋಜನ್ ಮೋಡಗಳನ್ನು ಎತ್ತಿ ತೋರಿಸಲು ಮಾತ್ರ ಅವು ಒದಗುತ್ತವೆ.

ಫ್ಲಾಟ್ ಫ್ರೇಮುಗಳನ್ನು, ಅಂದರೆ ಚಿತ್ರದ ಮಂಕು, ನೆರಳುಗಳನ್ನು ಸರಿಪಡಿಸಲು ತೆಗೆಯುವ ಸಮಬೆಳಕಿನ ಚಿತ್ರಗಳನ್ನು, ಬಿಡಲೇಬೇಡಿ. ಲೆನ್ಸು, ಕನ್ನಡಿ, ಅಡಾಪ್ಟರುಗಳ ಅಂಚಿನಿಂದಾಗಿ ಚಿತ್ರದ ಮೂಲೆಗಳು ಮಧ್ಯಕ್ಕಿಂತ ಮಂಕಾಗಿರುತ್ತವೆ. ಈ ಮಂಕು 10% ಇದ್ದರೂ ಸಾಕು, ನಮ್ಮ 1% ಗೆಲಾಕ್ಸಿಯ ಅಂಚು ಅದರಲ್ಲಿ ಮುಳುಗಿಹೋಗುತ್ತದೆ. ಸೆನ್ಸರಿನ ಮೇಲಿನ ಒಂದು ಧೂಳಿನ ಕಣ ಬೀರುವ ಉಂಗುರದ ನೆರಳು ಸುರುಳಿ ತೋಳಿಗಿಂತ ಗಾಢವಾಗಿ ಕಾಣುವುದುಂಟು. ಫೋಕಸ್ಸನ್ನಾಗಲಿ ಕ್ಯಾಮೆರಾದ ಕೋನವನ್ನಾಗಲಿ ಬದಲಿಸದೆ, ಸಮವಾಗಿ ಬೆಳಗಿದ ಮೇಲ್ಮೈಯನ್ನು ಅದೇ ಸ್ಥಿತಿಯಲ್ಲಿ ಚಿತ್ರಿಸಿಕೊಳ್ಳಬೇಕು. ಸೆನ್ಸರ್ ತಾನೇ ಹುಟ್ಟಿಸುವ ಹುಸಿ ಸಂಕೇತವನ್ನು ಕಳೆಯುವ ಡಾರ್ಕ್ ಫ್ರೇಮುಗಳಿಗೆ ಗೆಲಾಕ್ಸಿ ಚಿತ್ರಗಳದ್ದೇ ಎಕ್ಸ್‌ಪೋಶರ್, ಅದೇ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ), ಅದೇ ತಾಪಮಾನ. ಟೆಲಿಸ್ಕೋಪಿನ ಮುಚ್ಚಳ ಹಾಕಿದರಾಯಿತು.

ಗುಚ್ಛಗಳಿಗೆ ಬಂದರೆ ಸಮಸ್ಯೆ ತಲೆಕೆಳಗಾಗುತ್ತದೆ. ಬೆಳಕು ಸಾಲದು ಅನ್ನುವುದಕ್ಕಿಂತ ಹೆಚ್ಚಾಗುತ್ತದೆ ಅನ್ನುವುದೇ ಇಲ್ಲಿಯ ಚಿಂತೆ. ಪಿಕ್ಸೆಲ್ ತುಂಬಿ ತುಳುಕಿದರೆ ಕೆಂಪು, ಹಸಿರು, ನೀಲಿ ಮೂರೂ ಗರಿಷ್ಠಕ್ಕೆ ಮುಟ್ಟಿ ನಕ್ಷತ್ರ ಬರೀ ಬಿಳಿಯಾಗುತ್ತದೆ. ಎಂ13ರ ಕಿತ್ತಳೆ ಬಣ್ಣದ ದೈತ್ಯ ನಕ್ಷತ್ರಗಳು ಹೀಗೆ ಕಳೆದುಹೋದರೆ ಯಾವ ಸಾಫ್ಟ್‌ವೇರೂ ಅವನ್ನು ಮರಳಿ ತರಲಾರದು. ಅದಕ್ಕೇ 30ರಿಂದ 60 ಸೆಕೆಂಡಿನ ಚಿಕ್ಕ ಎಕ್ಸ್‌ಪೋಶರುಗಳನ್ನು ಹೆಚ್ಚು ಸಂಖ್ಯೆಯಲ್ಲಿ ತೆಗೆಯುವುದು. ಸಿರಿಲ್ ತಂತ್ರಾಂಶದಲ್ಲಿರುವ ಆರ್ಕ್‌ಸೈನ್‌ಎಚ್ ಸ್ಟ್ರೆಚ್ (ಮಂಕು ಭಾಗಗಳನ್ನು ಎತ್ತಿ ಬೆಳಗಿಸುವ ವಿಧಾನ) ಬಣ್ಣಗಳ ಅನುಪಾತವನ್ನು ಉಳಿಸಿಕೊಳ್ಳುವುದರಿಂದ ಗುಚ್ಛಗಳಿಗೆ ಚೆನ್ನಾಗಿ ಹೊಂದುತ್ತದೆ.

ಗುಚ್ಛದಲ್ಲಿ ಫೋಕಸ್ ತುಸು ತಪ್ಪಿದರೂ ಮುಚ್ಚಿಡಲಾಗದು. ಟೆಲಿಸ್ಕೋಪಿನ ಬಾಯಿಗೆ ಬಾಹ್ತಿನೋವ್ ಮಾಸ್ಕ್ ಎಂಬ ಸೀಳುಗಳುಳ್ಳ ಮುಚ್ಚಳ ಹಾಕಿ, ಪ್ರಖರ ನಕ್ಷತ್ರವೊಂದರ ಮೂರು ಗೆರೆಗಳಲ್ಲಿ ನಡುವಿನದು ಉಳಿದೆರಡರ ಸರಿಮಧ್ಯಕ್ಕೆ ಬರುವಂತೆ ಹೊಂದಿಸಿ. ರಾತ್ರಿ ತಣ್ಣಗಾದಂತೆ ಕೊಳವೆ ಕುಗ್ಗಿ ಫೋಕಸ್ ಜಾರುತ್ತದೆ, ಆಗಾಗ ಮತ್ತೆ ನೋಡುತ್ತಿರಿ.

ಟ್ರ್ಯಾಕಿಂಗ್, ಅಂದರೆ ಸರಿಯುವ ಆಕಾಶವನ್ನು ಟೆಲಿಸ್ಕೋಪ್ ಹಿಂಬಾಲಿಸುವುದು, ಎಷ್ಟು ನಿಖರವಾಗಿರಬೇಕು? ಪಿಕ್ಸೆಲ್ಲಿನ ಗಾತ್ರವನ್ನು ಮೈಕ್ರಾನಿನಲ್ಲಿ ತೆಗೆದುಕೊಂಡು 206.3ರಿಂದ ಗುಣಿಸಿ, ಮಿಲಿಮೀಟರಿನ ಫೋಕಲ್ ಲೆಂತಿನಿಂದ ಭಾಗಿಸಿ. 3.76 ಮೈಕ್ರಾನ್ ಪಿಕ್ಸೆಲ್, 750 ಮಿ.ಮೀ. ಟೆಲಿಸ್ಕೋಪ್ ಆದರೆ ಒಂದು ಪಿಕ್ಸೆಲ್ಲಿಗೆ ಸುಮಾರು 1 ಆರ್ಕ್‌ಸೆಕೆಂಡ್. ಭೂಮಿಯ ಆವರ್ತನೆಯಿಂದ ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತದೆ. ಅಂದರೆ ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೌಂಟ್ ನಿಂತರೆ ಒಂದೇ ಸೆಕೆಂಡಿನಲ್ಲಿ ನಕ್ಷತ್ರ 15 ಪಿಕ್ಸೆಲ್ ಉದ್ದದ ಗೆರೆ! ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ಹೊಂದಿಸುವ ಕೆಲಸಕ್ಕೆ ಇಷ್ಟು ಒತ್ತು ಕೊಡುವುದು ಇದಕ್ಕೇ. ಕಾಯ ಕ್ಷಿತಿಜದಿಂದ 30 ಡಿಗ್ರಿ ಮೇಲೆ ಬರುವವರೆಗೂ ಕಾಯಿರಿ. ಆ ಎತ್ತರದಲ್ಲಿ ಬೆಳಕು ನೆತ್ತಿಗಿಂತ ಎರಡು ಪಟ್ಟು ಗಾಳಿಯನ್ನು ದಾಟಿ ಬರುತ್ತದೆ.

ಎರಡು ಕಾಯಗಳು ಈ ವಿಂಗಡಣೆಗೆ ಬಗ್ಗುವುದಿಲ್ಲ. ಕೃತ್ತಿಕಾ, ಅಂದರೆ ಎಂ45, ತೆರೆದ ಗುಚ್ಛ. ಅದರ ನಕ್ಷತ್ರಗಳು ಕೆಲವೇ ಸೆಕೆಂಡಿಗೆ ಸಿಕ್ಕಿಬಿಡುತ್ತವೆ. ಅವುಗಳ ಸುತ್ತಲ ಧೂಳು ಪ್ರತಿಫಲಿಸುವ ನೀಲಿ ಮಬ್ಬು ಬೇಕೆಂದರೆ ಮಾತ್ರ ಗೆಲಾಕ್ಸಿಯಷ್ಟೇ ಕತ್ತಲು, ಅಷ್ಟೇ ಗಂಟೆಗಳು ಬೇಕು. ದೇವಯಾನಿ ಗೆಲಾಕ್ಸಿ ಎಂ31 ಇದಕ್ಕೆ ವಿರುದ್ಧ: ತಿರುಳು ಬೇಗ ಬೆಳ್ಳಗಾಗುತ್ತದೆ, ತೋಳುಗಳು ಬರುವುದೇ ಇಲ್ಲ. ತಿರುಳಿಗೆಂದು 20 ಸೆಕೆಂಡಿನ ಒಂದು ಕಂತು, ತೋಳುಗಳಿಗೆ 3 ನಿಮಿಷದ ಇನ್ನೊಂದು ಕಂತು ತೆಗೆದು ಬೆಸೆಯಬೇಕು. ಅದರ ಉದ್ದ ಸುಮಾರು 3 ಡಿಗ್ರಿ. ಎಪಿಎಸ್-ಸಿ ಎಂಬ ಮಧ್ಯಮ ಗಾತ್ರದ ಸೆನ್ಸರಿರುವ ಕ್ಯಾಮೆರಾವನ್ನು 750 ಮಿ.ಮೀ.ಗೆ ಜೋಡಿಸಿದರೆ ಚೌಕಟ್ಟಿನ ಅಗಲ 1.8 ಡಿಗ್ರಿ ಮಾತ್ರ, ಇಡೀ ಗೆಲಾಕ್ಸಿ ಹಿಡಿಸಲು 400 ಮಿ.ಮೀ.ನ ಸಣ್ಣ ಟೆಲಿಸ್ಕೋಪೇ ವಾಸಿ.